ಶುಕ್ರವಾರ ರಾತ್ರಿಯ ರಿಲೀಸ್ ಮತ್ತು ಇತರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಡೆವ್‌ಆಪ್ಸ್ ಬಗ್ಗೆಯೇ, ಅಂದರೆ ಸಾಫ್ಟ್‌ವೇರ್ ಬರೆಯುವವರೂ ಅದನ್ನು ಸರ್ವರ್‌ನಲ್ಲಿ ನಡೆಸುವವರೂ ಒಟ್ಟಾಗಿ ಕೆಲಸ ಮಾಡುವ ಪದ್ಧತಿಯ ಬಗ್ಗೆಯೇ ಇದ್ದವು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಕೆಲವನ್ನು ಆರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಮೊದಲನೆಯದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ, ಯಾಕಂದರೆ ಉಳಿದ ಅರ್ಧ ಪ್ರಶ್ನೆಗಳ ಬೇರು ಅಲ್ಲೇ ಇದೆ.

ಪ್ರಶ್ನೆ: ನಮ್ಮದು ಮೈಸೂರಿನ ಸಣ್ಣ ಕಂಪನಿ, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ತಿಂಗಳ ಕೊನೆಯ ಶುಕ್ರವಾರ ರಾತ್ರಿ ರಿಲೀಸ್. ಬೆಳಗಿನ ಜಾವದವರೆಗೆ ಎಲ್ಲರೂ ಕೂತಿರುತ್ತೇವೆ, ಶನಿವಾರ ಬೆಳಿಗ್ಗೆಯೇ ಅಂಗಡಿಯವರ ಫೋನ್ ಶುರು. ವಾರಕ್ಕೊಮ್ಮೆ ರಿಲೀಸ್ ಮಾಡೋಣ ಅಂದರೆ ನಮ್ಮ ಬಾಸ್ ಒಪ್ಪುವುದಿಲ್ಲ. ‘ತಿಂಗಳಿಗೊಮ್ಮೆ ಮಾಡಿದರೇ ಇಷ್ಟು ರಗಳೆ, ವಾರಕ್ಕೊಮ್ಮೆ ಅಂದರೆ ನಾಲ್ಕು ಪಟ್ಟು ರಗಳೆ’ ಅನ್ನುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಬಾಸ್ ಲೆಕ್ಕ ಮೇಲ್ನೋಟಕ್ಕೆ ಸರಿ ಅನಿಸುತ್ತದೆ. ಆದರೆ ರಗಳೆ ಹುಟ್ಟುವುದು ರಿಲೀಸ್‌ಗಳ ಸಂಖ್ಯೆಯಿಂದ ಅಲ್ಲ, ಒಂದೊಂದು ರಿಲೀಸ್‌ನಲ್ಲಿ ಎಷ್ಟು ಬದಲಾವಣೆ ತುಂಬಿದ್ದೀರಿ ಅನ್ನುವುದರಿಂದ. ಒಂದು ತಿಂಗಳ ಕೆಲಸ ಒಟ್ಟಿಗೆ ಹೊರಗೆ ಹೋದಾಗ ಶನಿವಾರ ಬೆಳಿಗ್ಗೆ ಬಿಲ್‌ನಲ್ಲಿ ಜಿಎಸ್‌ಟಿ ತಪ್ಪು ಬಂತು ಅಂತಿಟ್ಟುಕೊಳ್ಳಿ. ಅದು ಯಾರ ಬದಲಾವಣೆಯಿಂದ ಬಂತು ಅಂತ ಹುಡುಕಬೇಕು, ಮೂರು ವಾರದ ಹಿಂದೆ ಬರೆದ ಕೋಡ್ ನೆನಪಿಗೆ ತಂದುಕೊಳ್ಳಬೇಕು, ಅದೊಂದನ್ನೇ ವಾಪಸ್ ತೆಗೆಯೋಣ ಅಂದರೆ ಅದರ ಮೇಲೆ ಇನ್ನು ಹತ್ತು ಬದಲಾವಣೆ ಕೂತಿರುತ್ತವೆ. ನಿನ್ನೆ ಮಧ್ಯಾಹ್ನ ಒಂದೇ ಬದಲಾವಣೆ ಹೋಗಿದ್ದರೆ? ಹುಡುಕುವುದೇ ಬೇಕಿಲ್ಲ. ಕಳ್ಳ ಕಣ್ಣೆದುರೇ ಇದ್ದಾನೆ.

ಇದನ್ನು ಮೊದಲ ಸಲ ದೊಡ್ಡ ವೇದಿಕೆಯಲ್ಲಿ ಹೇಳಿದವರಲ್ಲಿ ಫೋಟೊ ಹಂಚಿಕೊಳ್ಳುವ ವೆಬ್‌ಸೈಟ್ ಫ್ಲಿಕರ್‌ನ ಇಬ್ಬರು ಸೇರುತ್ತಾರೆ. ಆಪರೇಷನ್ಸ್ ನೋಡಿಕೊಳ್ಳುತ್ತಿದ್ದ ಜಾನ್ ಆಲ್ಸ್‌ಪಾ, ಡೆವಲಪ್‌ಮೆಂಟ್ ಕಡೆಯ ಪಾಲ್ ಹ್ಯಾಮಂಡ್. 2009ರ ಜೂನ್‌ನಲ್ಲಿ ಅಮೆರಿಕದ ಸ್ಯಾನ್ ಹೋಸೆಯಲ್ಲಿ ನಡೆದ ವೆಲಾಸಿಟಿ ಸಮ್ಮೇಳನದಲ್ಲಿ, ನಾವು ದಿನಕ್ಕೆ ಹತ್ತಕ್ಕೂ ಜಾಸ್ತಿ ಸಲ ಡೆಪ್ಲಾಯ್ ಮಾಡುತ್ತೇವೆ, ಅಂದರೆ ಹೊಸ ಕೋಡ್ ಸರ್ವರ್‌ಗೆ ಹಾಕುತ್ತೇವೆ ಅಂತ ಅವರು ಹೇಳಿದಾಗ ಕೇಳಿದವರಿಗೆ ಆಶ್ಚರ್ಯ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ಯಾಟ್ರಿಕ್ ಡೆಬ್ವಾ ಬೆಲ್ಜಿಯಂನ ಗೆಂಟ್ ಊರಲ್ಲಿ ಡೆವ್‌ಆಪ್ಸ್‌ಡೇಸ್ ಸಮ್ಮೇಳನ ನಡೆಸಿದರು. ಆ ಹೆಸರು ಅಲ್ಲಿಂದಲೇ ಹರಡಿತು. ಆಮೇಲೆ ನಿಕೋಲ್ ಫೋರ್ಸ್‌ಗ್ರೆನ್, ಜೆಸ್ ಹಂಬಲ್, ಜೀನ್ ಕಿಮ್ ವರ್ಷಗಟ್ಟಲೆ ಸಮೀಕ್ಷೆ ಮಾಡಿ ನೋಡಿದಾಗಲೂ ಸಿಕ್ಕಿದ್ದು ಇದೇ. ಬೇಗ ಬೇಗ ರಿಲೀಸ್ ಮಾಡುವ ತಂಡಗಳೇ ಕಡಿಮೆ ಕೆಡಿಸುತ್ತವೆ, ಕೆಟ್ಟರೂ ಬೇಗ ಸರಿ ಮಾಡುತ್ತವೆ.

ಬಾಸ್ ಹತ್ತಿರ ವಾದ ಮಾಡಬೇಡಿ. ಎರಡು ತಿಂಗಳು ಒಂದು ಎಕ್ಸೆಲ್ ಶೀಟ್‌ನಲ್ಲಿ ನಾಲ್ಕು ಸಂಗತಿ ಬರೆದಿಡಿ: ಎಷ್ಟು ಸಲ ರಿಲೀಸ್ ಆಯಿತು, ಕೋಡ್ ಬರೆದು ಮುಗಿದಾಗಿನಿಂದ ಅಂಗಡಿಗೆ ತಲುಪಲು ಎಷ್ಟು ದಿನ ಹಿಡಿಯಿತು, ಎಷ್ಟು ರಿಲೀಸ್ ಕೆಟ್ಟವು, ಕೆಟ್ಟಿದ್ದು ಸರಿಹೋಗಲು ಎಷ್ಟು ಹೊತ್ತಾಯಿತು. ಆ ಶೀಟ್ ಮುಂದಿಟ್ಟು ಮಾತಾಡಿದರೆ ಮಾತಿಗೆ ತೂಕ ಬರುತ್ತದೆ.

ಹಾಗಂತ ನಾಳೆಯಿಂದಲೇ ವಾರಕ್ಕೊಮ್ಮೆ ಅಂತ ಹಾರಬೇಡಿ. ಕೈಯಲ್ಲಿ ಫೈಲ್ ಕಾಪಿ ಮಾಡಿಕೊಂಡು ವಾರಕ್ಕೊಮ್ಮೆ ರಿಲೀಸ್ ಮಾಡಿದರೆ ನಿಮ್ಮ ಬಾಸ್ ಹೇಳಿದ್ದೇ ನಿಜವಾಗುತ್ತದೆ. ನೈಟ್ ಕ್ಯಾಪಿಟಲ್ ಕಥೆ ಗೊತ್ತಾ? ಅಮೆರಿಕದ ಷೇರು ವ್ಯಾಪಾರದ ದೊಡ್ಡ ಕಂಪನಿ. 2012ರಲ್ಲಿ 8 ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಕೈಯಾರೆ ಹಾಕುವಾಗ ಒಂದು ಸರ್ವರ್ ಬಿಟ್ಟುಹೋಯಿತು, ಇನ್ನೊಬ್ಬರು ಪರೀಕ್ಷಿಸುವ ಪದ್ಧತಿ ಇರಲಿಲ್ಲ. ಆ ಎಂಟನೆಯ ಸರ್ವರ್‌ನಲ್ಲಿ 2003ರಿಂದ ಬಳಕೆಯಲ್ಲೇ ಇಲ್ಲದ ಹಳೇ ಕೋಡ್ ಒಂದು ಉಳಿದಿತ್ತು. ಹೊಸ ಕೋಡ್‌ಗೆ ಅಂತ ಆನ್ ಮಾಡಿದ ಫ್ಲ್ಯಾಗ್ (ಕೋಡ್‌ನ ಒಂದು ಭಾಗವನ್ನು ಆನ್-ಆಫ್ ಮಾಡುವ ಸ್ವಿಚ್) ಹಿಂದೆ ಹಳೇ ಕೋಡ್‌ಗೂ ಬಳಸಿದ್ದೇ ಆಗಿತ್ತು, ಹಾಗಾಗಿ ಅಲ್ಲಿ ಆ ಹಳೇ ಕೋಡನ್ನೇ ಎಬ್ಬಿಸಿತು. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದ 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ. ಇನ್ನೂ ಒಂದು ಸಂಗತಿಯನ್ನು ಜನ ಜಾಸ್ತಿ ಹೇಳುವುದಿಲ್ಲ. ಗಾಬರಿಯಲ್ಲಿ ಅವರು ಸರಿಯಾಗಿದ್ದ ಉಳಿದ 7 ಸರ್ವರ್‌ಗಳಿಂದಲೂ ಹೊಸ ಕೋಡ್ ತೆಗೆದರು. ಫ್ಲ್ಯಾಗ್ ಆನ್ ಆಗಿಯೇ ಇತ್ತು. ಹಾಗಾಗಿ ಒಂದು ಕಡೆ ಇದ್ದ ಕಾಟ ಎಂಟೂ ಕಡೆಗೆ ಹಬ್ಬಿತು. ಹಿಂದಕ್ಕೆ ಹೋಗುವ ದಾರಿಯನ್ನು ಮೊದಲೇ ನಡೆದು ನೋಡಿರದಿದ್ದರೆ ಆಗುವುದು ಹೀಗೆ.

ಅದಕ್ಕೇ ಕೆಲಸದ ಕ್ರಮ ಹೀಗಿರಲಿ. ಮೊದಲು ಡೆಪ್ಲಾಯ್ ಮಾಡುವುದನ್ನು ಒಂದು ಸ್ಕ್ರಿಪ್ಟ್‌ಗೆ (ಕಮಾಂಡ್‌ಗಳನ್ನು ಸಾಲಾಗಿ ಬರೆದ ಫೈಲ್) ಇಳಿಸಿ, ಎಲ್ಲ ಸರ್ವರ್‌ಗೂ ಅದೇ ಸ್ಕ್ರಿಪ್ಟ್, ಯಾರು ಓಡಿಸಿದರೂ ಅದೇ ಫಲಿತಾಂಶ. ಆಮೇಲೆ ಹಿಂದಿನ ವರ್ಷನ್‌ಗೆ ಮರಳುವುದಕ್ಕೂ ಒಂದೇ ಕಮಾಂಡ್ ಸಾಕಾಗುವ ಹಾಗೆ ಮಾಡಿ. ಅದನ್ನು ಸುಮ್ನೆ ಬರೆದಿಟ್ಟರೆ ಸಾಲದು, ಏನೂ ಕೆಡದ ದಿನ ಬೇಕಂತಲೇ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಇಷ್ಟಾದ ಮೇಲೆ ಎರಡು ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ದಿನ ಮಾತ್ರ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಇರಲಿ, ಎಲ್ಲರೂ ಆಫೀಸಿನಲ್ಲಿ ಎಚ್ಚರವಾಗಿ ಇರುವ ಹೊತ್ತಿಗೆ.

ನೀವು ಸಿಕ್ಕಿಬೀಳುವ ಜಾಗ ಡೇಟಾಬೇಸ್. ಕೋಡ್ ಹಿಂದಕ್ಕೆ ಹೋಗುತ್ತದೆ, ಅಳಿಸಿದ ಕಾಲಂ ವಾಪಸ್ ಬರುವುದಿಲ್ಲ. ಉದಾಹರಣೆಗೆ ಗ್ರಾಹಕರ ಟೇಬಲ್‌ನಲ್ಲಿ ‘ಫೋನ್’ ಅನ್ನೋ ಕಾಲಂನ ಹೆಸರು ‘ಮೊಬೈಲ್’ ಅಂತ ಆಗಬೇಕು. ನೇರವಾಗಿ ಹೆಸರು ಬದಲಿಸಿದ ಕ್ಷಣ ಹಳೇ ಕೋಡ್ ಬಿದ್ದುಹೋಗುತ್ತದೆ. ಹಾಗಾಗಿ ಮೊದಲ ರಿಲೀಸ್‌ನಲ್ಲಿ ‘ಮೊಬೈಲ್’ ಅಂತ ಹೊಸ ಕಾಲಂ ಸೇರಿಸಿ, ಹಳೆಯದನ್ನು ಮುಟ್ಟಬೇಡಿ. ಎರಡನೆಯದರಲ್ಲಿ ಕೋಡ್ ಎರಡೂ ಕಾಲಂಗೆ ಬರೆಯಲಿ, ಓದುವುದು ಹಳೆಯದರಿಂದಲೇ. ಆಮೇಲೆ ಹಳೇ ದಾಖಲೆಗಳನ್ನು ಹೊಸ ಕಾಲಂಗೆ ತುಂಬಿ, ಎರಡೂ ಒಂದೇ ಇವೆಯಾ ಅಂತ ನೋಡಿ. ಮೂರನೆಯದರಲ್ಲಿ ಹೊಸದರಿಂದ ಓದಿ. ಕೆಲವು ವಾರ ಎಲ್ಲ ಸರಿಯಿದ್ದರೆ ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿ, ಕೊನೆಯಲ್ಲಿ ಅದನ್ನು ತೆಗೆದುಹಾಕಿ. ಒಂದು ಹೆಸರಿಗೆ ಇಷ್ಟು ಸುತ್ತಾ ಅನಿಸಬಹುದು. ಆದರೆ ಆ ಕೊನೆಯ ಹೆಜ್ಜೆವರೆಗೂ ಯಾವ ಹೊತ್ತಿಗೆ ಬೇಕಾದರೂ ಒಂದು ಹೆಜ್ಜೆ ಹಿಂದೆ ಇಡಬಹುದು, ಅಂಗಡಿಯವರಿಗೆ ಗೊತ್ತೂ ಆಗುವುದಿಲ್ಲ. ಅರ್ಧ ಮುಗಿದ ಫೀಚರ್ ಇದ್ದರೆ ಅದನ್ನೂ ಫ್ಲ್ಯಾಗ್ ಹಿಂದೆ ಮುಚ್ಚಿಟ್ಟು ಕಳಿಸಬಹುದು, ಫ್ಲಿಕರ್‌ನವರು ಆಗಲೇ ಹಾಗೆ ಮಾಡುತ್ತಿದ್ದರು. ಕೆಲಸ ಮುಗಿದ ಫ್ಲ್ಯಾಗ್‌ಗಳನ್ನು ಕೋಡ್‌ನಿಂದ ತೆಗೆಯುವುದನ್ನು ಮಾತ್ರ ಮರೆಯಬೇಡಿ, ನೈಟ್ ಕ್ಯಾಪಿಟಲ್ ನೆನಪಿದೆ ಅಲ್ವಾ?

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಇ. ಮುಗಿಸಿದ್ದೇನೆ. ಡೆವ್‌ಆಪ್ಸ್ ಕೆಲಸದ ಜಾಹೀರಾತು ನೋಡಿದರೆ ಡಾಕರ್, ಕುಬರ್ನೆಟಿಸ್, ಜೆಂಕಿನ್ಸ್, ಟೆರಾಫಾರ್ಮ್, ಪ್ರೊಮಿಥಿಯಸ್ ಅಂತ ಉದ್ದ ಪಟ್ಟಿ. ಎಲ್ಲಿಂದ ಶುರು ಮಾಡಲಿ, ದುಡ್ಡು ಕೊಟ್ಟು ಕೋರ್ಸ್ ಸೇರಬೇಕಾ?

ಉತ್ತರ: ಪಟ್ಟಿ ನೋಡಿ ಹೆದರಬೇಡಿ. ಅದರಲ್ಲಿರುವ ಟೂಲ್‌ಗಳು ಬದಲಾಗುತ್ತಲೇ ಇರುತ್ತವೆ. ಟೆರಾಫಾರ್ಮ್ 2014ರಲ್ಲಿ ಬಂತು, 2023ರಲ್ಲಿ ಅದರ ಲೈಸೆನ್ಸ್ ಬದಲಾಯಿತು, ಒಪ್ಪದವರು ಅದೇ ಕೋಡ್‌ನಿಂದ ಓಪನ್‌ಟೋಫು ಮಾಡಿದರು. ಆದರೆ ಸರ್ವರ್, ನೆಟ್‌ವರ್ಕ್ ಎಲ್ಲವನ್ನೂ ಫೈಲ್‌ನಲ್ಲಿ ಬರೆದು ಗಿಟ್‌ನಲ್ಲಿ (ಕೋಡ್‌ನ ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್) ಇಡುವ ಪದ್ಧತಿ ಹಾಗೇ ಉಳಿಯಿತು. ನೀವು ಕಲಿಯಬೇಕಾದ್ದು ಆ ಪದ್ಧತಿ.

ಮೊದಲು ಲಿನಕ್ಸ್ ಚೆನ್ನಾಗಿ ಕಲಿಯಿರಿ. ಒಂದು ಪ್ರಾಸೆಸ್ ಯಾಕೆ ಸತ್ತಿತು, ಡಿಸ್ಕ್ ಯಾಕೆ ತುಂಬಿತು, ಪೋರ್ಟ್ ಯಾರು ಹಿಡಿದಿದ್ದಾರೆ, ಡಿಎನ್ಎಸ್ ಎಲ್ಲಿ ತಪ್ಪಿತು, ಇವನ್ನು ಹುಡುಕಲು ಬಂದರೆ ಇಂಟರ್‌ವ್ಯೂನಲ್ಲಿ ಅರ್ಧ ಗೆದ್ದ ಹಾಗೆ. ಜೊತೆಗೆ ಗಿಟ್, ಜೊತೆಗೆ ಶೆಲ್ ಅಥವಾ ಪೈಥಾನ್. ಆಮೇಲೆ ನಿಮ್ಮದೇ ಒಂದು ಚಿಕ್ಕ ವೆಬ್‌ಸೈಟ್ ಮಾಡಿ. ನಿಮ್ಮ ಕಾಲೇಜಿನ ಬಸ್ ವೇಳಾಪಟ್ಟಿ ತೋರಿಸುವುದಾದರೂ ಸಾಕು. ಕೋಡನ್ನು ಗಿಟ್‌ಹಬ್‌ಗೆ ಪುಶ್ ಮಾಡಿದ ಕೂಡಲೇ ಟೆಸ್ಟ್ ಓಡಬೇಕು, ಪಾಸಾದರೆ ಡಾಕರ್ ಇಮೇಜ್ (ಪ್ರೋಗ್ರಾಮ್ ಮತ್ತು ಅದು ಓಡಲು ಬೇಕಾದ್ದನ್ನೆಲ್ಲ ಸೇರಿಸಿದ ಪೊಟ್ಟಣ) ಆಗಬೇಕು, ಅದು ಸರ್ವರ್‌ಗೆ ಹೋಗಬೇಕು, ಸೈಟ್ ಏಳದಿದ್ದರೆ ತಾನಾಗಿ ಹಳೇ ಇಮೇಜ್‌ಗೆ ಮರಳಬೇಕು. ಇದನ್ನೆಲ್ಲ ತಾನಾಗಿ ನಡೆಸುವ ಗಿಟ್‌ಹಬ್ ಆಕ್ಷನ್ಸ್, ಎಲ್ಲರಿಗೂ ಕಾಣುವ ರೆಪೊಗೆ (ಕೋಡ್ ಇಡುವ ಜಾಗ) ಉಚಿತ. ಆ ಕೊನೆಯ ಹೆಜ್ಜೆಯನ್ನು, ಅಂದರೆ ತಾನಾಗಿ ಹಿಂದಕ್ಕೆ ಮರಳುವುದನ್ನು, ನೀವೇ ಯೋಚಿಸಿ ಮಾಡಿ. ರೆಸ್ಯೂಮೆಯಲ್ಲಿ ಹತ್ತು ಟೂಲ್ ಹೆಸರು ಬರೆಯುವುದಕ್ಕಿಂತ ಅದೊಂದನ್ನು ವಿವರಿಸಿ ಹೇಳುವ ಹುಡುಗನನ್ನೋ ಹುಡುಗಿಯನ್ನೋ ನಾನಾದರೆ ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ.

ಕೋರ್ಸ್ ವಿಷಯ ನಿಮಗೆ ಬಿಟ್ಟಿದ್ದು. ಮೇಲಿನದನ್ನು ಮಾಡಿದ ಮೇಲೂ ಬೇಕು ಅನಿಸಿದರೆ ಸೇರಿ, ಅದಕ್ಕೂ ಮೊದಲು ಬೇಡ.

ಪ್ರಶ್ನೆ: ನಮ್ಮ ಪೈಪ್‌ಲೈನ್ (ಕೋಡ್ ಬದಲಾದಾಗಲೆಲ್ಲ ಬಿಲ್ಡ್, ಟೆಸ್ಟ್ ತಾನಾಗಿ ನಡೆಸುವ ವ್ಯವಸ್ಥೆ) ಒಂದು ಸಲ ಓಡಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಅದರಲ್ಲೂ ಕೆಲವು ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್. ಈಗ ಯಾರೂ ಕೆಂಪು ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುವುದೇ ಇಲ್ಲ, ರೀ-ರನ್ ಒತ್ತಿ ಟೀ ಕುಡಿಯಲು ಹೋಗುತ್ತಾರೆ. (ಮಂಗಳೂರು)

ಉತ್ತರ: ಎರಡನೆಯದು ದೊಡ್ಡ ಕಾಯಿಲೆ, ಅದನ್ನು ಮೊದಲು ನೋಡಿ. ಕೆಂಪು ಕಂಡರೂ ಜನ ನಂಬದ ಸ್ಥಿತಿಗೆ ಬಂದರೆ ಆ ಟೆಸ್ಟ್‌ಗಳು ಇದ್ದೂ ಇಲ್ಲದ ಹಾಗೆ. ಆಟ ಆಡಿಸುವ ಟೆಸ್ಟ್‌ಗಳನ್ನು ಇವತ್ತೇ ಬೇರೆ ಗುಂಪಿಗೆ ಹಾಕಿ, ಅವು ರಿಲೀಸನ್ನು ತಡೆಯಬಾರದು. ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ತಾರೀಖು ಇರಲಿ. ಆ ತಾರೀಖಿನೊಳಗೆ ಸರಿ ಮಾಡಬೇಕು, ಇಲ್ಲ ಅಳಿಸಬೇಕು. ಸಾಮಾನ್ಯವಾಗಿ ಕಾರಣ ಮೂರರಲ್ಲಿ ಒಂದು: ಎರಡು ಸೆಕೆಂಡ್ ಕಾಯಿ ಅಂತ ಕಣ್ಣುಮುಚ್ಚಿ ಬರೆದಿರುತ್ತಾರೆ, ಒಂದು ಟೆಸ್ಟ್ ಬಿಟ್ಟುಹೋದ ಡೇಟಾ ಇನ್ನೊಂದಕ್ಕೆ ಅಡ್ಡ ಬರುತ್ತದೆ, ಅಥವಾ ಹೊರಗಿನ ಯಾವುದೋ ಸೇವೆಯ ಎಪಿಐಗೆ ನಿಜವಾಗಿಯೇ ಕರೆ ಹೋಗುತ್ತಿರುತ್ತದೆ.

ಇನ್ನು ಹೊತ್ತಿನ ವಿಷಯ. ನಿಮ್ಮ ಡಾಕರ್‌ಫೈಲ್, ಅಂದರೆ ಇಮೇಜ್ ಕಟ್ಟುವ ಹೆಜ್ಜೆಗಳಿರುವ ಫೈಲ್, ತೆರೆದು ನೋಡಿ. ಇಡೀ ಕೋಡನ್ನು ಮೊದಲು ಕಾಪಿ ಮಾಡಿ, ಅದಾದ ಮೇಲೆ ಎನ್‌ಪಿಎಂ ಇನ್‌ಸ್ಟಾಲ್ (ಬೇಕಾದ ಪ್ಯಾಕೇಜ್‌ಗಳನ್ನು ಇಳಿಸುವ ಕಮಾಂಡ್) ಓಡಿಸುತ್ತಿದ್ದೀರಾ? ತುಂಬಾ ಕಡೆ ಹೀಗೇ ಇರುತ್ತದೆ. ಡಾಕರ್ ಪ್ರತಿ ಹೆಜ್ಜೆಯ ಫಲಿತಾಂಶವನ್ನು ಒಂದು ಪದರವಾಗಿ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ, ಒಂದು ಪದರ ಬದಲಾದರೆ ಅದರ ಕೆಳಗಿನದೆಲ್ಲ ಮತ್ತೆ ಮೊದಲಿಂದ. ಕೋಡ್ ಮೇಲಿದ್ದರೆ ನೀವು ಒಂದು ಅಕ್ಷರ ತಿದ್ದಿದರೂ ಎಲ್ಲ ಪ್ಯಾಕೇಜ್ ಮತ್ತೆ ಇಳಿಯುತ್ತವೆ. ಪ್ಯಾಕೇಜ್ ಪಟ್ಟಿಯ ಫೈಲ್‌ಗಳನ್ನು ಮಾತ್ರ ಮೊದಲು ಕಾಪಿ ಮಾಡಿ, ಇನ್‌ಸ್ಟಾಲ್ ಮುಗಿಸಿ, ಆಮೇಲೆ ಕೋಡ್ ತನ್ನಿ. ಎರಡು ಸಾಲು ಮೇಲೆ ಕೆಳಗೆ ಮಾಡಿದ್ದಕ್ಕೆ ಎಷ್ಟೋ ನಿಮಿಷ ಉಳಿಯುತ್ತದೆ. ಬಿಲ್ಡ್ ಪ್ರತಿ ಸಲ ಹೊಸ ಮಷೀನ್‌ನಲ್ಲಿ ಓಡುತ್ತಿದ್ದರೆ ಆ ಕ್ಯಾಶ್ ಅಲ್ಲಿ ಸಿಗುತ್ತಿದೆಯಾ ಅಂತಲೂ ನೋಡಿ. ಆಮೇಲೆ ಬೇಗ ಮುಗಿಯುವ ಟೆಸ್ಟ್ ಮೊದಲು, ನಿಧಾನದವು ಒಟ್ಟೊಟ್ಟಿಗೆ ಬೇರೆ ಬೇರೆ ಮಷೀನ್‌ನಲ್ಲಿ. ಹತ್ತು ನಿಮಿಷದೊಳಗೆ ಬಂದರೆ ಜನ ಕೂತು ಕಾಯುತ್ತಾರೆ, ಅದಕ್ಕಿಂತ ಜಾಸ್ತಿಯಾದರೆ ಎದ್ದು ಹೋಗುತ್ತಾರೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಶಿವಮೊಗ್ಗದವನು. 2024ರ ಜುಲೈನಲ್ಲಿ ಒಂದು ದಿನ ವಿಮಾನ ನಿಲ್ದಾಣಗಳಲ್ಲಿ ಕಂಪ್ಯೂಟರ್ ಕೆಟ್ಟು ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಒಂದೇ ಕಂಪನಿಯ ತಪ್ಪಿಗೆ ಇಡೀ ಪ್ರಪಂಚ ನಿಲ್ಲುವುದು ಹೇಗೆ ಸಾಧ್ಯ?

ಉತ್ತರ: ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಅದು ಜುಲೈ 19. ಕ್ರೌಡ್‌ಸ್ಟ್ರೈಕ್ ಅನ್ನುವ ಅಮೆರಿಕದ ಕಂಪನಿ ಕಂಪ್ಯೂಟರ್‌ಗಳಿಗೆ ರಕ್ಷಣೆಯ ಸಾಫ್ಟ್‌ವೇರ್ ಕೊಡುತ್ತದೆ. ಅದು ವಿಂಡೋಸ್‌ನ ತೀರಾ ಒಳಗೆ, ಕರ್ನಲ್‌ನಲ್ಲಿ ಕೂತು ಕೆಲಸ ಮಾಡುತ್ತದೆ. ಅವತ್ತು ನಮ್ಮ ಸಮಯ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ಚಿಕ್ಕ ಫೈಲನ್ನು ಅವರು ಕಳಿಸಿದರು. ಅದು 21 ಮಾಹಿತಿ ಬೇಕು ಅನ್ನುತ್ತಿತ್ತು, ಒಳಗಿನ ಕೋಡ್ ಕೊಡುತ್ತಿದ್ದುದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಕಂಪ್ಯೂಟರ್ ಬಿತ್ತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು.

ತಪ್ಪು ಯಾರಿಂದಲೂ ಆಗುತ್ತದೆ. ನನಗೆ ಸಿಟ್ಟು ಬರುವುದು ಅದನ್ನು ಎಲ್ಲರಿಗೂ ಒಂದೇ ಸಲಕ್ಕೆ ಕಳಿಸಿದ್ದಕ್ಕೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕಲ್ವಾ? ನಮ್ಮ ಕೆಲಸದಲ್ಲೂ ಹಾಗೇ ಮೊದಲು ನೂರರಲ್ಲಿ ಒಂದು ಕಂಪ್ಯೂಟರ್‌ಗೆ ಕಳಿಸಿ, ಸ್ವಲ್ಪ ಹೊತ್ತು ನೋಡಿ, ಆಮೇಲೆ ಹತ್ತಕ್ಕೆ, ಆಮೇಲೆ ಎಲ್ಲಕ್ಕೆ ಕಳಿಸುವ ಪದ್ಧತಿ ಇದೆ, ಕ್ಯಾನರಿ ಅಂತಾರೆ. ಆ ಕಂಪನಿಯ ದೊಡ್ಡ ಅಪ್‌ಡೇಟ್‌ಗಳಿಗೆ ಹಂತ ಇತ್ತು, ಈ ಥರದ ಚಿಕ್ಕ ಫೈಲ್‌ಗೆ ಇರಲಿಲ್ಲ. 78 ನಿಮಿಷದಲ್ಲಿ ಆ ಫೈಲ್ ವಾಪಸ್ ತೆಗೆದರು ನಿಜ, ಆದರೆ ಬಿದ್ದ ಕಂಪ್ಯೂಟರ್ ಇಂಟರ್‌ನೆಟ್‌ಗೆ ಬರುವಷ್ಟೂ ಏಳುತ್ತಿರಲಿಲ್ಲ, ಸರಿ ಫೈಲ್ ಅದಕ್ಕೆ ಮುಟ್ಟುವುದು ಹೇಗೆ? ಹೆಚ್ಚಿನ ಕಡೆ ಜನ ಒಂದೊಂದೇ ಕಂಪ್ಯೂಟರ್ ಮುಂದೆ ಹೋಗಿ, ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಕೈಯಾರೆ ಆ ಫೈಲ್ ಅಳಿಸಬೇಕಾಯಿತು.

ಪ್ರಶ್ನೆ: ದಿನಾ ರಾತ್ರಿ 2 ಗಂಟೆಗೆ ಡೇಟಾಬೇಸ್ ಬ್ಯಾಕಪ್ ಆಗುತ್ತದೆ. ಇಷ್ಟು ಸಾಕಲ್ವಾ?

ಉತ್ತರ: ಬ್ಯಾಕಪ್ ಆಗುತ್ತದೆ ಅಂತ ನಿಮಗೆ ಹೇಗೆ ಗೊತ್ತು? 2017ರ ಜನವರಿ 31ರ ರಾತ್ರಿ ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ನಕಲು ಸರ್ವರ್‌ನ ಡೇಟಾ ಅಳಿಸುತ್ತಿದ್ದೇನೆ ಅಂದುಕೊಂಡು ಅಸಲಿನಲ್ಲೇ ಕಮಾಂಡ್ ಓಡಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ನೋಡಿದರೆ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಪ್ರೋಗ್ರಾಮ್ 9.2ರದ್ದು, ಹಾಗಾಗಿ ಅದು ಫೇಲ್ ಆಗುತ್ತಲೇ ಇತ್ತು. ಫೇಲ್ ಆಯಿತು ಅಂತ ಹೋದ ಇಮೇಲ್‌ಗಳನ್ನು ಮೇಲ್ ಸರ್ವರ್ ಒಳಗೇ ಬಿಟ್ಟುಕೊಂಡಿರಲಿಲ್ಲ. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ನಕಲು) ಸಿಕ್ಕಿದ್ದರಿಂದ ಬಚಾವಾದರು. ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು, ಆಮೇಲೆ ನಡೆದದ್ದೆಲ್ಲವನ್ನೂ ಬಹಿರಂಗವಾಗಿ ಬರೆದರು. ಆ ಧೈರ್ಯ ನನಗೆ ತುಂಬಾ ಇಷ್ಟ.

ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಮಷೀನ್‌ನಲ್ಲಿ ರಿಸ್ಟೋರ್ ಮಾಡಿ. ನಿನ್ನೆಯ ಕೊನೆಯ ಬಿಲ್ ಅದರಲ್ಲಿ ಇದೆಯಾ ನೋಡಿ. ಎಷ್ಟು ಹೊತ್ತು ಹಿಡಿಯಿತು ಬರೆದಿಡಿ. ಆವತ್ತಿನವರೆಗೆ ನಿಮ್ಮ ಹತ್ತಿರ ಬ್ಯಾಕಪ್ ಇದೆ ಅಂತ ಹೇಳಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ, ವಾರ ಬಿಟ್ಟು ವಾರ ಆನ್-ಕಾಲ್ (ಸೇವೆ ಕೆಟ್ಟರೆ ಯಾವ ಹೊತ್ತಿಗೂ ನೋಡಿಕೊಳ್ಳುವ ಸರದಿ). ರಾತ್ರಿಯಿಡೀ ಅಲರ್ಟ್, ಸಿಪಿಯು 80 ಪರ್ಸೆಂಟ್, ಮೆಮೊರಿ 75 ಪರ್ಸೆಂಟ್ ಅಂತ. ಮನೆಯಲ್ಲಿ ಮಗು ಇದೆ, ಅದೂ ಎದ್ದುಬಿಡುತ್ತದೆ. ಬಹುತೇಕ ಸಲ ಏನೂ ಮಾಡಬೇಕಾಗಿಯೇ ಇರುವುದಿಲ್ಲ.

ಉತ್ತರ: ಏನೂ ಮಾಡಬೇಕಾಗಿಲ್ಲ ಅಂದರೆ ಆ ಅಲರ್ಟ್ ನಿಮ್ಮನ್ನು ಎಬ್ಬಿಸಬಾರದು. ಸಿಪಿಯು ಎಷ್ಟಾದರೂ ಏರಲಿ, ಗ್ರಾಹಕರ ಪುಟ ಸರಿಯಾಗಿ ತೆರೆಯುತ್ತಿದೆ ಅಂದರೆ ಬೆಳಿಗ್ಗೆ ನೋಡಿದರಾಯಿತು. ಎಬ್ಬಿಸಬೇಕಾದ್ದು ಗ್ರಾಹಕರಿಗೆ ತಟ್ಟುವ ಸಂಗತಿಗೆ ಮಾತ್ರ: ಪೇಮೆಂಟ್ ಫೇಲ್ ಆಗುವುದು ಜಾಸ್ತಿಯಾಯಿತು, ಪುಟ ತೆರೆಯಲು ತುಂಬಾ ಹೊತ್ತಾಗುತ್ತಿದೆ, ಲಾಗಿನ್ ಆಗುತ್ತಿಲ್ಲ. ನೈಟ್ ಕ್ಯಾಪಿಟಲ್‌ನಲ್ಲೂ ಆ ದಿನ ಮಾರುಕಟ್ಟೆ ತೆರೆಯುವ ಮೊದಲೇ ಎಚ್ಚರಿಕೆಯ ಸುಳಿವಿದ್ದ 97 ಇಮೇಲ್ ಹೋಗಿದ್ದವು. ಅವನ್ನು ಅಲರ್ಟ್ ಅಂತ ಯಾರೂ ಓದಲಿಲ್ಲ.

ಗೂಗಲ್‌ನವರ ಎಸ್ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್, ಅಂದರೆ ಸೇವೆ ಕೆಡದ ಹಾಗೆ ನಡೆಸುವ) ಪದ್ಧತಿಯಲ್ಲಿ ಒಂದು ಒಳ್ಳೆಯ ಲೆಕ್ಕ ಇದೆ. ಸೇವೆ 99.9 ಪರ್ಸೆಂಟ್ ಹೊತ್ತು ಸರಿಯಿರಬೇಕು ಅಂತ ಒಪ್ಪಿದರೆ, 30 ದಿನದಲ್ಲಿ 43 ನಿಮಿಷ ಕೆಡಲು ಅವಕಾಶ ಇದೆ ಅಂತ ಅರ್ಥ. ಆ 43 ನಿಮಿಷ ಬೇಗ ಬೇಗ ಖರ್ಚಾಗುತ್ತಿದ್ದರೆ ಎಬ್ಬಿಸಲಿ, ನಿಧಾನಕ್ಕೆ ಖರ್ಚಾಗುತ್ತಿದ್ದರೆ ಬೆಳಿಗ್ಗೆಗೆ ಟಿಕೆಟ್ ಬರಲಿ, ಪೂರ್ತಿ ಮುಗಿದರೆ ಆ ತಿಂಗಳು ಹೊಸ ಫೀಚರ್ ನಿಲ್ಲಿಸಿ ಗಟ್ಟಿ ಮಾಡುವ ಕೆಲಸ ನಡೆಯಲಿ. ಕಳೆದ ತಿಂಗಳ ರಾತ್ರಿ ಅಲರ್ಟ್‌ಗಳನ್ನೆಲ್ಲ ಒಂದು ಕಡೆ ಬರೆದು, ಪಕ್ಕದಲ್ಲಿ ಆಗ ನೀವು ಏನು ಮಾಡಿದಿರಿ ಅಂತ ಬರೆಯಿರಿ. ‘ಏನೂ ಮಾಡಲಿಲ್ಲ’ ಅಂತ ಇರುವುದನ್ನೆಲ್ಲ ತೆಗೆಸಿ ಅಂತ ಮ್ಯಾನೇಜರ್ ಹತ್ತಿರ ಕೇಳಿ. ನಿದ್ದೆಗೆಟ್ಟವರು ಸರಿಯಾದ ನಿರ್ಧಾರ ತೆಗೆದುಕೊಳ್ಳುವುದು ಕಷ್ಟ. ಅದಕ್ಕೇ ಇದನ್ನು ನಿಮ್ಮೊಬ್ಬರ ಕಷ್ಟ ಅಂತ ಹೇಳಬೇಡಿ, ಸೇವೆ ಕೆಡದೆ ನಡೆಯುವ ವಿಷಯ ಅಂತ ಹೇಳಿ.

ಪ್ರಶ್ನೆ: ಎರಡು ಸರ್ವರ್, ಐದು ಜನ ಡೆವಲಪರ್‌ಗಳು. ಕುಬರ್ನೆಟಿಸ್ ಹಾಕಬೇಕಾ?

ಉತ್ತರ: ಬೇಡ. ಕುಬರ್ನೆಟಿಸ್ 2014ರಲ್ಲಿ ಗೂಗಲ್‌ನಿಂದ ಬಂದದ್ದು, ದೊಡ್ಡ ಸಂಖ್ಯೆಯ ಮಷೀನ್‌ಗಳನ್ನು ಒಟ್ಟಿಗೆ ನಡೆಸುವ ಅನುಭವದಿಂದ. 2023ರ ವಿಶ್ವಕಪ್ ಫೈನಲ್‌ನಂದು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡುತ್ತಿದ್ದರು. ಅಂಥ ಕಡೆ ಅಂಥ ಟೂಲ್ ಬೇಕು. ನಿಮಗೆ ಡಾಕರ್ ಕಂಪೋಸ್, ಒಂದು ಒಳ್ಳೆಯ ಡೆಪ್ಲಾಯ್ ಸ್ಕ್ರಿಪ್ಟ್ ಸಾಕು. ಉಳಿದ ಹೊತ್ತಿನಲ್ಲಿ ಟೆಸ್ಟ್ ಬರೆಯಿರಿ.

ಪ್ರಶ್ನೆ: ನಿನ್ನೆ ಗೊತ್ತಿಲ್ಲದೆ ಎಡಬ್ಲ್ಯುಎಸ್ ಕೀ (ಅಮೆಜಾನ್ ಕ್ಲೌಡ್ ಖಾತೆಯ ಗುಪ್ತ ಕೀಲಿ) ಇರುವ ಫೈಲನ್ನು ಎಲ್ಲರಿಗೂ ಕಾಣುವ ರೆಪೊಗೆ ಪುಶ್ ಮಾಡಿಬಿಟ್ಟೆ. ಕೂಡಲೇ ಆ ಫೈಲ್ ಅಳಿಸಿ ಮತ್ತೆ ಪುಶ್ ಮಾಡಿದೆ. ಇನ್ನೇನಾದರೂ ಮಾಡಬೇಕಾ?

ಉತ್ತರ: ಹೌದು, ಈ ಪತ್ರಿಕೆ ಕೈಗೆ ಬರುವಷ್ಟರಲ್ಲಿ ತಡವಾಗುತ್ತದೆ ಅಂತ ನಿಮಗೆ ಮೊದಲೇ ಮೇಲ್ ಮಾಡಿದ್ದೇನೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಫೈಲ್ ಅಳಿಸಿದರೂ ಗಿಟ್‌ನ ಹಳೇ ಕಮಿಟ್‌ನಲ್ಲಿ (ದಾಖಲಾದ ಬದಲಾವಣೆ) ಕೀ ಹಾಗೇ ಇರುತ್ತದೆ, ಮತ್ತು ಇಂಥ ಕೀ ಹುಡುಕುತ್ತಲೇ ಇರುವ ಬಾಟ್‌ಗಳಿವೆ. ಮೊದಲು ಆ ಕೀಯನ್ನು ಎಡಬ್ಲ್ಯುಎಸ್‌ನಲ್ಲಿ ರದ್ದು ಮಾಡಿ, ಹೊಸದು ತೆಗೆದುಕೊಳ್ಳಿ. ಆಮೇಲೆ ಕ್ಲೌಡ್‌ಟ್ರೇಲ್ ಲಾಗ್ (ಖಾತೆಯಲ್ಲಿ ಯಾರು ಏನು ಮಾಡಿದರು ಅನ್ನುವ ದಾಖಲೆ) ನೋಡಿ, ನಿಮಗೆ ಗೊತ್ತಿಲ್ಲದ ಹೊಸ ಯೂಸರ್, ಹೊಸ ಸರ್ವರ್ ಯಾವುದಾದರೂ ಹುಟ್ಟಿದೆಯಾ ಅಂತ ಎಲ್ಲ ರೀಜನ್‌ಗಳಲ್ಲೂ (ಅಮೆಜಾನ್ ಸರ್ವರ್‌ಗಳಿರುವ ಪ್ರದೇಶಗಳು) ಹುಡುಕಿ, ನೀವು ಯಾವತ್ತೂ ಬಳಸದ ರೀಜನ್‌ಗಳಲ್ಲಿ ವಿಶೇಷವಾಗಿ. ಇಷ್ಟಾದ ಮೇಲೆ ಗಿಟ್ ಇತಿಹಾಸ ತೊಳೆಯುವ ಕೆಲಸ. ಬಾಸ್‌ಗೆ ಇವತ್ತೇ ತಿಳಿಸಿ.